ಪದಚರ್ಚೆ: ‘ಅಲೋಹಾ ಶರ್ಟು’ ಅನ್ನೋಣವೇ, ‘ಹವಾಯಿ ಶರ್ಟು’ ಅನ್ನೋಣವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಉಡುಪುಗಳ ಚರಿತ್ರೆ ಕುರಿತ ಕೆಲವು ಲೇಖನಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ದಾಸವಾಳ, ತೆಂಗಿನ ಗರಿ, ಅನಾನಸು, ಕಡಲ ಅಲೆ ಎಲ್ಲವನ್ನೂ ಮೈತುಂಬ ಹೊತ್ತ ಗಂಡಸರ ಅರ್ಧ ತೋಳಿನ ಅಂಗಿ ಇದೆಯಲ್ಲ, ಅದನ್ನು ಕನ್ನಡದಲ್ಲಿ ಏನೆಂದು ಬರೆಯೋಣ? ತಟ್ಟನೆ ಹೊಳೆಯುವುದು ‘ಹವಾಯಿ ಶರ್ಟು’. ನನಗೇಕೋ ಅದು ಒಗ್ಗುತ್ತಿಲ್ಲ. ಹವಾಯಿಯವರು ತಾವೇ ಅದನ್ನು ಅಲೋಹಾ ಶರ್ಟು ಅನ್ನುತ್ತಾರೆ, ‘ಹವಾಯಿ’ ಅಂಟಿಸುವವರು ಹೊರಗಿನವರು. ಮೇಲಾಗಿ ನಮ್ಮಲ್ಲಿ ‘ಹವಾಯಿ’ ಎಂದರೆ ಸಾಕು, ಬೆನ್ನಿಗೇ ‘ಚಪ್ಪಲಿ’ ಬಂದು ನಿಲ್ಲುತ್ತದೆ. ನೀಲಿ ಪಟ್ಟಿಯ, ಹಿಮ್ಮಡಿ ಸವೆದ ಆ ರಬ್ಬರ್ ಚಪ್ಪಲಿಯ ಅಗ್ಗದ ಗುಣ ಅಂಗಿಗೂ ಮೆತ್ತಿಕೊಳ್ಳುತ್ತದೆ.

ಹೆಸರಿನ ಹಿನ್ನೆಲೆ ಹೀಗಿದೆ. 1935ರ ಜೂನ್‌ನಲ್ಲಿ ಹವಾಯಿಯ ರಾಜಧಾನಿ ಹೊನೊಲುಲುವಿನ ಮೂಸಾ-ಶಿಯಾ ಎಂಬ ಅಂಗಡಿ ಪತ್ರಿಕೆಯಲ್ಲಿ ‘ಅಲೋಹಾ ಶರ್ಟು’ ಎಂದು ಜಾಹೀರಾತು ಕೊಟ್ಟಿತು. ಬೆಲೆ 95 ಸೆಂಟಿನಿಂದ ಮೇಲಕ್ಕೆ. ಸಿದ್ಧವಾಗಿಯೂ ಸಿಗುತ್ತಿತ್ತು, ಅಳತೆ ಕೊಟ್ಟರೆ ಹೊಲಿದೂ ಕೊಡುತ್ತಿದ್ದರು. ಅಂಗಡಿ ನಡೆಸುತ್ತಿದ್ದವರು ಕೊಯಿಚಿರೊ ಮಿಯಾಮೊಟೊ, ಜಪಾನಿ ಮೂಲದವರು. ಅದೇ ಊರಲ್ಲಿ ಚೀನಾ ಮೂಲದ ಎಲರಿ ಚನ್ ಎಂಬಾತ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಬಂದು ಅಪ್ಪನ ಜವಳಿ ಅಂಗಡಿ ನೋಡಿಕೊಳ್ಳುತ್ತಿದ್ದ. ಕಿಮೋನೊ ಹೊಲಿಯುವ ಬಟ್ಟೆಯಲ್ಲಿ ಅಂಗಿ ಹೊಲಿಸಿ ಮಾರಿದ, 1936-37ರಲ್ಲಿ ‘ಅಲೋಹಾ’ ಹೆಸರಿನ ಟ್ರೇಡ್‌ಮಾರ್ಕನ್ನೂ ಮಾಡಿಸಿಕೊಂಡ. ಮೊದಲು ಹೊಲಿದವರು ಯಾರು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಬಟ್ಟೆ ಜಪಾನಿನದು, ಪ್ಯಾಂಟಿನ ಹೊರಗೆ ಇಳಿಬಿಡುವ ರೂಢಿಗೆ ಫಿಲಿಪೀನ್ಸ್‌ನವರ ಬರೋಂಗ್ ಎಂಬ ತೆಳು ಬಟ್ಟೆಯ ಅಂಗಿ ಮಾದರಿ ಅನ್ನುತ್ತಾರೆ, ಗಿರಾಕಿಗಳಲ್ಲಿ ಹಡಗಿನಲ್ಲಿ ಬಂದ ಅಮೆರಿಕದ ಪ್ರವಾಸಿಗರು ಬೇಕಾದಷ್ಟು. ಮೂಲನಿವಾಸಿಗಳದು ಎಂದು ಖಚಿತವಾಗಿ ಹೇಳಬಹುದಾದದ್ದು ಆ ಹೆಸರೊಂದೇ. ಬಂದವರಿಗೂ ಹೊರಟವರಿಗೂ ಅಲೋಹಾ, ಪ್ರೀತಿಗೂ ಅಲೋಹಾ. ಅದನ್ನೂ ಕಿತ್ತುಹಾಕಿ ‘ಹವಾಯಿ ಶರ್ಟು’ ಅಂದರೆ ಉಳಿಯುವುದೇನು?

‘ಮೋಜಿನಂಗಿ’, ‘ರಂಗಿನಂಗಿ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಹೊರಗಿನವರಿಗೆ ಅದು ಮೋಜೇ, ಒಪ್ಪಿದೆ. 1951ರಲ್ಲಿ ಲೈಫ್ ಪತ್ರಿಕೆಯ ಮುಖಪುಟದಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಇಂಥದೊಂದನ್ನು ತೊಟ್ಟು ನಿಂತರು. ಹತ್ತು ವರ್ಷದ ಮೇಲೆ ಗಾಯಕ ಎಲ್ವಿಸ್ ಪ್ರೀಸ್ಲಿ ತನ್ನ ‘ಬ್ಲೂ ಹವಾಯಿ’ ಹಾಡುಗಳ ರೆಕಾರ್ಡಿನ ಹೊದಿಕೆ ಚಿತ್ರದಲ್ಲಿ ಹವಾಯಿಯ ಉಡುಪು ತಯಾರಕ ಆಲ್ಫ್ರೆಡ್ ಶಹೀನ್ ಅವರ ಕೆಂಪು ಅಂಗಿ ತೊಟ್ಟ ಮೇಲಂತೂ ಕೇಳುವುದೇ ಬೇಡ. ಆದರೆ ಹವಾಯಿಯಲ್ಲಿ ಅದು ಕಚೇರಿಯ ಉಡುಪು. ಸೂಟು-ಟೈ ಬಿಡಿಸಲೆಂದು 1962ರಲ್ಲಿ ಅಲ್ಲಿನ ಉಡುಪು ತಯಾರಕರ ಸಂಘ ಶಾಸಕರಿಗೆಲ್ಲ ಅಲೋಹಾ ಶರ್ಟು ಹಂಚಿತು. ವಾರಕ್ಕೊಂದು ದಿನ ಕಚೇರಿಗೆ ಈ ಅಂಗಿ ತೊಟ್ಟು ಬರುವ ‘ಅಲೋಹಾ ಶುಕ್ರವಾರ’ ಬಂತು. ಈಗ ಮದುವೆಗೂ ಅದೇ, ಸಾವಿನ ಮನೆಗೂ ಅದೇ. ಅಂಥ ಕಡೆಗೆ ಬಟ್ಟೆಯನ್ನು ಮಗುಚಿ, ಮಂಕಾದ ಒಳಮೈ ಹೊರಗೆ ಬರುವಂತೆ ಹೊಲಿದದ್ದೂ ಸಿಗುತ್ತದೆ. ಮೋಜಿನಂಗಿ ತೊಟ್ಟು ಸಾವಿನ ಮನೆಗೆ ಹೋದ ಎಂದು ಬರೆಯುವುದು ಹೇಗೆ?

ನಮ್ಮ ಹಳೆಯ ‘ಬುಶ್ ಶರ್ಟು’ ಕಟ್ಟಿನಲ್ಲಿ ಹತ್ತಿರ ಬರುತ್ತದೆ. ಕೆಳಗಂಚು ನೇರ, ಇನ್‌ಶರ್ಟ್ ಮಾಡುವಂತಿಲ್ಲ. ಆದರೆ ಆ ಮಾತು ಕೇಳಿದರೆ ಕಣ್ಣಿಗೆ ಬರುವುದು ಒಂದೇ ಬಣ್ಣದ ಅಂಗಿ. ‘ಹೂವಿನಂಗಿ’ ಎಂದರೆ ದೇವರ ಅಲಂಕಾರ ನೆನಪಾಗುತ್ತದೆ. ಹೂಬಳ್ಳಿ ಅಚ್ಚೊತ್ತಿದ ಬಟ್ಟೆಗೆ ‘ಚೀಟಿ ಬಟ್ಟೆ’ ಎಂಬ ಒಳ್ಳೆಯ ಮಾತಿದೆ, ಆದರೆ ಚೀಟಿಯ ಲಂಗ ಕೇಳಿದ್ದೇನೆಯೇ ಹೊರತು ಗಂಡಸರ ಅಂಗಿಗೆ ಆ ಮಾತು ಬಳಸಿದ್ದು ಕೇಳಿಲ್ಲ. ನಿಮ್ಮ ಕಡೆ ಇದೆಯೇ?

ಸದ್ಯಕ್ಕೆ ನನ್ನ ಒಲವು ‘ಅಲೋಹಾ ಅಂಗಿ’ ಕಡೆಗೆ. ಬಿಡಿಸಿಯೇ ಬರೆಯಬೇಕು, ಸಂಧಿ ಮಾಡಿ ‘ಅಲೋಹಾಂಗಿ’ ಅಂದರೆ ಕೋಮಲಾಂಗಿ, ಲತಾಂಗಿಯರ ಸಾಲಿಗೆ ಸೇರಿಬಿಡುತ್ತದೆ!

ಇನ್ನೆರಡು ಸಣ್ಣ ಸಂಶಯ. ಈ ಅಂಗಿಗಳಲ್ಲಿ ಮತ್ತೆ ಮತ್ತೆ ಬರುವ ‘ಉಲು’ ಎಂಬ ಎಲೆ-ಕಾಯಿಯ ಚಿತ್ತಾರ ನಮ್ಮ ದೀವಿಹಲಸಿನದು. ಕರಾವಳಿಯವರಿಗೆ ‘ಜೀಗುಜ್ಜೆ’ ಎಂದರೆ ಸಾಕು. ಬಯಲುಸೀಮೆಯ ಓದುಗರಿಗೂ ತಿಳಿಯುವಂತೆ ಯಾವುದನ್ನು ಇಟ್ಟುಕೊಳ್ಳಲಿ? ಮತ್ತೆ, ಒಳ್ಳೆಯ ಅಲೋಹಾ ಅಂಗಿಯ ಗುರುತು ಅದರ ಎದೆಯ ಜೇಬು. ಅಂಗಿಯ ಮೇಲಿನ ಅರ್ಧ ದಾಸವಾಳಕ್ಕೆ ಜೇಬಿನ ಮೇಲಿನ ಇನ್ನರ್ಧ ಎಸಳು ಎಸಳಾಗಿ ಕೂಡಿಕೊಂಡು, ಜೇಬು ಇದೆ ಎಂದೇ ಗೊತ್ತಾಗದ ಹಾಗೆ ಹೊಲಿದಿರುತ್ತಾರೆ. ಹಾಗೆ ಕತ್ತರಿಸಲು ಬಟ್ಟೆ ದಂಡವಾಗುತ್ತದೆ, ಬೆಲೆಯೂ ಏರುತ್ತದೆ. ಚೌಕಳಿ ಬಟ್ಟೆಯಲ್ಲಿ ಗೆರೆಗೆ ಗೆರೆ ಕೂಡಿಸುವ ನಮ್ಮ ದರ್ಜಿಗಳು ಈ ಕೆಲಸಕ್ಕೆ ಏನನ್ನುತ್ತಾರೆ? ಹೊಲಿಗೆ ಬಲ್ಲವರು, ಅಥವಾ ಮನೆಯಲ್ಲಿ ಅಂಥವರಿರುವವರು, ದಯವಿಟ್ಟು ಕೇಳಿ ತಿಳಿಸಿ.