ಭಾರತ, ಚೀನಾ ಕಂಪನಿಗಳು ಹೊರದೇಶದಲ್ಲಿ ಹಾಕಿದ ದುಡ್ಡು: ಹೋಲಿಸುವುದು ಹೇಗೆ?

ಪ್ರಶ್ನೆ (ಡೊಂಬಿವಲಿ, ಎಂ.ಎ. ವಿದ್ಯಾರ್ಥಿನಿ)

ನಮಸ್ಕಾರ ಮೇಡಂ. 2000ದಿಂದ ಈಚೆಗೆ ಭಾರತ ಮತ್ತು ಚೀನಾದಿಂದ ಹೊರಗೆ ಹೋದ ಎಫ್‌ಡಿಐ (ವಿದೇಶಿ ನೇರ ಹೂಡಿಕೆ) ಹೋಲಿಸುವುದು ನನ್ನ ಪ್ರಾಜೆಕ್ಟ್. ಭಾರತದ ಅಂಕಿಗಳನ್ನು ರಿಸರ್ವ್ ಬ್ಯಾಂಕಿನ ತಿಂಗಳ ಪಟ್ಟಿಯಿಂದ ತೆಗೆದುಕೊಂಡಿದ್ದೇನೆ, ಚೀನಾದ್ದು ಅವರ ವಾಣಿಜ್ಯ ಸಚಿವಾಲಯದ್ದು. ಗ್ರಾಫ್‌ನಲ್ಲಿ ಭಾರತದ ಗೆರೆ ಸುಮ್ನೆ ಮೇಲೆ ಕೆಳಗೆ ಹಾರುತ್ತದೆ. ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್‌ನಲ್ಲಿ ನಮ್ಮ ಗೈಡ್ ಒಪ್ಪುತ್ತಿಲ್ಲ. ನೀವು ಇದೇ ಕೆಲಸದಲ್ಲಿ ಇದ್ದೀರಲ್ಲ, ಏನು ಮಾಡಲಿ?

ಉತ್ತರ (ಮುಂಬೈ ಫೋರ್ಟ್, ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗ)

ನಿಮ್ಮ ಗೈಡ್ ಹೇಳುವುದು ಸರಿ ಇದೆ ಅಮ್ಮ. ರಿಸರ್ವ್ ಬ್ಯಾಂಕಿನ ತಿಂಗಳ ಪಟ್ಟಿಯಲ್ಲಿ ಮೂರು ಕಾಲಂ ಇರುತ್ತವೆ: ಈಕ್ವಿಟಿ (ಪಾಲು ಬಂಡವಾಳ), ಸಾಲ, ಗ್ಯಾರಂಟಿ. ಕೊನೆಯ ಒಟ್ಟು ಮೊತ್ತದಲ್ಲಿ ಮೂರೂ ಸೇರಿರುತ್ತವೆ. ಆದರೆ ಗ್ಯಾರಂಟಿ ಅಂದರೆ ದೇಶದಿಂದ ಹೊರಗೆ ಹೋದ ದುಡ್ಡಲ್ಲ. ಹೊರಗಿನ ಅಂಗಸಂಸ್ಥೆ ಅಲ್ಲಿನ ಬ್ಯಾಂಕಿನಿಂದ ಸಾಲ ತೆಗೆದಾಗ, ಅದು ತೀರಿಸದಿದ್ದರೆ ನಾವು ತೀರಿಸುತ್ತೇವೆ ಅಂತ ಇಲ್ಲಿನ ಕಂಪನಿ ಬರೆದುಕೊಟ್ಟ ಮಾತು, ಅಷ್ಟೇ. 2010ರಲ್ಲಿ ಏರ್‌ಟೆಲ್ ಕಂಪನಿ ಕುವೈತಿನ ಮೊಬೈಲ್ ಕಂಪನಿ ಝೈನ್‌ನ ಆಫ್ರಿಕಾ ವ್ಯವಹಾರವನ್ನು 10.7 ಬಿಲಿಯನ್ ಡಾಲರ್‌ಗೆ ಕೊಂಡಿತಲ್ಲ, ಅದರಲ್ಲಿ ದೊಡ್ಡ ಪಾಲು ನೆದರ್‌ಲ್ಯಾಂಡ್ಸ್‌ನ ಅಂಗಸಂಸ್ಥೆ ಹೊರಗಡೆಯೇ ಎತ್ತಿದ ಸಾಲ. ಇಂಥದ್ದನ್ನೆಲ್ಲ ಹೂಡಿಕೆಯ ಲೆಕ್ಕಕ್ಕೆ ಹಾಕಿದರೆ ಗೆರೆ ಹಾರದೆ ಇನ್ನೇನು ಮಾಡೀತು?

ಇನ್ನೊಂದು ತೊಂದರೆ ಕ್ಯಾಲೆಂಡರ್‌ದು. ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅವರದ್ದು ಜನವರಿಯಿಂದ ಡಿಸೆಂಬರ್. ಇದರ ಜೊತೆಗೆ ಚೀನಾದ ಅಂಕಿಗಳಲ್ಲಿ 2006ರಿಂದಲೇ ಬ್ಯಾಂಕ್, ವಿಮೆಯಂಥ ಹಣಕಾಸು ಕಂಪನಿಗಳ ಹೂಡಿಕೆ ಸೇರಿದ್ದು, ಅದಕ್ಕೆ ಮುಂಚೆ ಇರಲಿಲ್ಲ. ಹಾಗಾಗಿ ಆ ವರ್ಷದ ಏರಿಕೆಯನ್ನೆಲ್ಲ ನಿಜವಾದ ಏರಿಕೆ ಅಂತ ಬರೆಯಬೇಡಿ. ಎರಡೂ ದೇಶಕ್ಕೆ ಒಂದೇ ಮೂಲ ಹಿಡಿಯಿರಿ. ವಿಶ್ವಸಂಸ್ಥೆಯ ಅಂಕ್ಟಾಡ್ ಪ್ರತಿ ವರ್ಷ ಹೊರತರುವ ವಿಶ್ವ ಹೂಡಿಕೆ ವರದಿಯ ಪಟ್ಟಿಗಳು ಪುಕ್ಕಟೆ ಸಿಗುತ್ತವೆ. ರಿಸರ್ವ್ ಬ್ಯಾಂಕಿನ ಪಟ್ಟಿಯನ್ನು ಬಿಸಾಡಬೇಡಿ, ಯಾವ ಕಂಪನಿ ಯಾವ ದೇಶಕ್ಕೆ ಎಷ್ಟು ಕಳಿಸಿತು ಅಂತ ನೋಡಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿನಿ)

ಅಂಕ್ಟಾಡ್ ನೋಡಿದೆ ಮೇಡಂ. 2007ರಲ್ಲಿ ಚೀನಾ ಸುಮಾರು 26 ಬಿಲಿಯನ್ ಡಾಲರ್, ಭಾರತ ಸುಮಾರು 17. ಆಗ ನಾವು ಅವರ ಹತ್ತಿರ ಹತ್ತಿರ ಇದ್ದೆವು ಅಂತ ಬರೆಯಬಹುದಾ?

ಉತ್ತರ

ಬರೆಯಬಹುದು, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಆ ಕಾಲದಲ್ಲಿ ನಮ್ಮಲ್ಲಿ ಕೆಲವೇ ದೊಡ್ಡ ಖರೀದಿಗಳು ಇಡೀ ದೇಶದ ಅಂಕಿಯನ್ನು ಎತ್ತಿದವು. 2007ರಲ್ಲಿ ಟಾಟಾ ಸ್ಟೀಲ್ ಯುರೋಪಿನ ಉಕ್ಕಿನ ಕಂಪನಿ ಕೋರಸ್ ಕೊಂಡಿತು, ಸುಮಾರು 12 ಬಿಲಿಯನ್. ಅದೇ ವರ್ಷ ಹಿಂಡಾಲ್ಕೊ ಸುಮಾರು 6 ಬಿಲಿಯನ್‌ಗೆ ಅಲ್ಯೂಮಿನಿಯಂ ಕಂಪನಿ ನೊವೆಲಿಸ್ ಕೊಂಡಿತು. ಮರುವರ್ಷ ಟಾಟಾ ಮೋಟಾರ್ಸ್ 2.3 ಬಿಲಿಯನ್‌ಗೆ ಜಾಗ್ವಾರ್ ಲ್ಯಾಂಡ್‌ರೋವರ್ ತೆಗೆದುಕೊಂಡಿತು. ಖಾಸಗಿ ಕಂಪನಿಗಳು ತಮ್ಮ ಲೆಕ್ಕಾಚಾರದಲ್ಲಿ ಹೋದದ್ದು ಇದು. ಆಮೇಲೆ ಹಣಕಾಸು ಬಿಕ್ಕಟ್ಟು ಬಂತು, ಕೊಂಡವರು ಸಾಲ ತೀರಿಸುವ ಕಡೆ ತಿರುಗಿದರು. ನಮ್ಮ ಹೂಡಿಕೆ 2008ರಲ್ಲಿ ಸುಮಾರು 21 ಬಿಲಿಯನ್ ಇದ್ದದ್ದು 2020ರಲ್ಲಿ ಸುಮಾರು 11.

ಚೀನಾದ ದಾರಿಯೇ ಬೇರೆ. 'ಹೊರಗೆ ಹೋಗಿ' ಎಂಬುದು ಅಲ್ಲಿ ಸರ್ಕಾರದ್ದೇ ನೀತಿ, 2001ರ ಪಂಚವಾರ್ಷಿಕ ಯೋಜನೆಯಲ್ಲೇ ಬಂದದ್ದು. ಸರ್ಕಾರಿ ಕಂಪನಿಗಳು, ಅವುಗಳ ಹಿಂದೆ ಸರ್ಕಾರಿ ಬ್ಯಾಂಕುಗಳು. ಜಗತ್ತೆಲ್ಲ ಬಿಗಿ ಹಿಡಿದ 2008ರಲ್ಲಿ ಅವರ ಹೂಡಿಕೆ ಸುಮಾರು 56 ಬಿಲಿಯನ್‌ಗೆ ಏರಿತು, ಅಂದರೆ ಒಂದೇ ವರ್ಷದಲ್ಲಿ ಎರಡು ಪಟ್ಟು. 2016ರಲ್ಲಿ 196. ಅಲ್ಲಿಂದ ಇಳಿಸಿದ್ದೂ ಸರ್ಕಾರವೇ. ಹೋಟೆಲ್, ಸಿನಿಮಾ, ಫುಟ್‌ಬಾಲ್ ಕ್ಲಬ್ ಅಂತ ದುಡ್ಡು ಹರಿದು ಹೋಗುವುದನ್ನು ನೋಡಿ 2016ರ ಕೊನೆಯಿಂದ ಬಿಗಿ ಮಾಡಿ, 2017ರಲ್ಲಿ ಯಾವುದಕ್ಕೆ ಬಿಡುತ್ತೇವೆ ಯಾವುದಕ್ಕೆ ಇಲ್ಲ ಅಂತ ಪಟ್ಟಿಯನ್ನೇ ಹೊರಡಿಸಿದರು. ಹಾಗಾಗಿ ಅವರ ಗೆರೆ ಓದುವಾಗ ನೀತಿಯ ವರ್ಷಗಳನ್ನು ಪಕ್ಕಕ್ಕೆ ಇಟ್ಟುಕೊಳ್ಳಿ, ನಮ್ಮದನ್ನು ಓದುವಾಗ ಖರೀದಿಗಳ ಪಟ್ಟಿಯನ್ನು.

ನನ್ನ ಕೇಳಿದರೆ ವರ್ಷದ ಹರಿವಿಗಿಂತ (ಅಂದರೆ ಆ ವರ್ಷ ಹೊರಗೆ ಹೋದ ದುಡ್ಡು) ಒಟ್ಟು ಸಂಗ್ರಹವನ್ನೇ (ಅಲ್ಲಿವರೆಗೆ ಹೊರಗೆ ಕೂಡಿಕೊಂಡಿರುವ ಹೂಡಿಕೆ) ಮುಖ್ಯ ಮಾಡಿಕೊಳ್ಳಿ, ಅದನ್ನು ಜಿಡಿಪಿಯಿಂದ ಭಾಗಿಸಿ. 2022ರ ಕೊನೆಗೆ ಚೀನಾದ್ದು 2.7 ಟ್ರಿಲಿಯನ್ ಡಾಲರ್‌ಗೂ ಮೇಲೆ, ಭಾರತದ್ದು 200 ಬಿಲಿಯನ್ ದಾಟಿ ಸ್ವಲ್ಪ ಮುಂದೆ. ನೋಡಿದರೆ ಹನ್ನೆರಡು ಪಟ್ಟು ವ್ಯತ್ಯಾಸ, ಅಲ್ವಾ? ಜಿಡಿಪಿಗೆ ಹೋಲಿಸಿ ನೋಡಿ, ಅವರದ್ದು ಸುಮಾರು ಶೇ 15, ನಮ್ಮದು ಶೇ 6–7. ವ್ಯತ್ಯಾಸ ಎರಡು ಪಟ್ಟಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ನಿಮ್ಮ ಪ್ರಾಜೆಕ್ಟಿನ ನಿಜವಾದ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ.

ಪ್ರಶ್ನೆ (ಪುಣೆ, ಚಾಕಣ್‌ನಲ್ಲಿ ಬಿಡಿಭಾಗಗಳ ಉದ್ಯಮ)

ಅಕ್ಕಾ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಪುಣೆಯ ಗಾಳಿಯಂತ್ರ ಕಂಪನಿ ಸುಜ್ಲಾನ್ 2007ರಲ್ಲಿ ಅದೇ ಕೆಲಸದ ಜರ್ಮನಿಯ ರೀಪವರ್ ಕೊಂಡು, 2015ರಲ್ಲಿ ಮಾರಿಬಿಟ್ಟಿತು. ಆಗಲೇ ಅದರ ಹೆಸರು ಸೆನ್ವಿಯಾನ್ ಆಗಿತ್ತು. ಇಂಥದ್ದು ಲೆಕ್ಕದಲ್ಲಿ ಏನಾಗುತ್ತದೆ?

ಉತ್ತರ

ಒಳ್ಳೆಯ ಪ್ರಶ್ನೆ. ಹೊರಗಿನ ಪಾಲು ಮಾರಿ ದುಡ್ಡು ದೇಶಕ್ಕೆ ವಾಪಸ್ ಬಂದರೆ ಆ ವರ್ಷದ ಹರಿವಿನಲ್ಲಿ ಅಷ್ಟು ಕಳೆಯುತ್ತಾರೆ. ಯಾವುದಾದರೂ ಒಂದು ದೇಶಕ್ಕೆ ಹೋದ ಹೂಡಿಕೆ ಮೈನಸ್ ಆಗಿ ಕಂಡರೂ ಗಾಬರಿಯಾಗಬೇಡಿ. ಆದರೆ ಜರ್ಮನಿಯ ಕಂಪನಿಯನ್ನು ಇಟ್ಟುಕೊಂಡಿರುವುದು ಯುರೋಪಿನ ಇನ್ನೊಂದು ಅಂಗಸಂಸ್ಥೆ ಆಗಿದ್ದು, ಮಾರಿದ ದುಡ್ಡು ಅಲ್ಲೇ ಸಾಲಕ್ಕೆ ಹೋದರೆ, ಭಾರತದ ಹರಿವಿನಲ್ಲಿ ಅದು ಕಾಣಿಸುವುದೇ ಇಲ್ಲ.

ಡೊಂಬಿವಲಿಯ ಹುಡುಗಿಗೂ ಇದನ್ನೇ ಹೇಳಬೇಕಿತ್ತು: ಯಾವ ದೇಶಕ್ಕೆ ಹೋಯಿತು ಎಂಬ ಕಾಲಂ ನಂಬಿ ಅಧ್ಯಾಯ ಬರೆಯಬೇಡಮ್ಮ. ಚೀನಾದಿಂದ ಹೊರಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಂಗ್‌ಕಾಂಗ್ ಹೆಸರಿನಲ್ಲಿರುತ್ತದೆ. ನಮ್ಮದು ಸಿಂಗಾಪುರ, ಮಾರಿಷಸ್, ನೆದರ್‌ಲ್ಯಾಂಡ್ಸ್. ಅದು ಮೊದಲ ನಿಲ್ದಾಣ ಮಾತ್ರ. ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು ಅಂತ ತಿಳಿಯಬೇಕಾದರೆ ದೊಡ್ಡ ಕಂಪನಿಗಳ ವಾರ್ಷಿಕ ವರದಿ ತೆಗೆದು, ಅಂಗಸಂಸ್ಥೆಗಳ ಪಟ್ಟಿಯನ್ನು ಒಂದೊಂದಾಗಿ ಓದಬೇಕು.