ಕಾರ್ಡ್ ಮಿಷನ್‌ಗೆ ವೈಫೈ ಸಿಗುತ್ತಿಲ್ಲವಾ? ಇಲ್ಲಿ ಕೇಳಿ

ಮಿಷನ್ ರಿಪೇರಿ: ಎಲ್ಲರಿಗೂ ನಮಸ್ಕಾರ. ಅಂಗಡಿಗಳಲ್ಲಿ ಕಾರ್ಡ್ ಮಿಷನ್ ಕೂರಿಸುವುದು, ಕೆಟ್ಟರೆ ಬದಲಿಸಿಕೊಡುವುದು ನನ್ನ ಕೆಲಸ. ಒಬ್ಬೊಬ್ಬರೂ ಇನ್‌ಬಾಕ್ಸ್‌ಗೆ ಬಂದು ಅದೇ ಪ್ರಶ್ನೆ ಕೇಳುತ್ತಿದ್ದೀರಿ, ಅದಕ್ಕೆ ಇವತ್ತು ಎಲ್ಲ ಇಲ್ಲೇ ಮುಗಿಸೋಣ. ಕೇಳುವಾಗ ಮೂರು ವಿಷಯ ಹೇಳಿ: ಪರದೆ ಮೇಲೆ ಏನು ಬರೆದು ಬರುತ್ತಿದೆ, ಅದೇ ವೈಫೈಗೆ ನಿಮ್ಮ ಫೋನ್ ಸೇರುತ್ತದಾ, ಮೊದಲು ಸರಿಯಾಗಿತ್ತಾ. ಸುಮ್ನೆ "ವರ್ಕ್ ಆಗ್ತಿಲ್ಲ ಸರ್" ಅಂತ ಬರೆದರೆ ನಾನೂ ಸುಮ್ನೆ "ಹೌದಾ" ಅಂತ ಬರೆಯುತ್ತೇನೆ.

ಪುಸ್ತಕದಂಗಡಿ: ಸರ್, ಹೊಸ ರೌಟರ್ ಹಾಕಿಸಿದೆವು. ಫೋನ್‌ಗೆ ಚೆನ್ನಾಗಿ ಬರುತ್ತಿದೆ. ಮಿಷನ್‌ನಲ್ಲಿ ಹುಡುಕಿದರೆ ಪಕ್ಕದವರ ಮೂರು ವೈಫೈ ಹೆಸರು ಕಾಣುತ್ತದೆ, ನಮ್ಮದೇ ಕಾಣುವುದಿಲ್ಲ! ಹಳೇ ರೌಟರ್‌ನಲ್ಲಿ ಸರಿಯಾಗಿತ್ತು.

ಮಿಷನ್ ರಿಪೇರಿ: ಪಕ್ಕದವರದು ಕಾಣುತ್ತಿದೆ ಅಂದರೆ ಮಿಷನ್ ಸರಿಯಾಗಿದೆ. ನಿಮ್ಮ ಹೊಸ ರೌಟರ್ 5 ಗಿಗಾಹರ್ಟ್ಸ್ ಅಲೆಯಲ್ಲಿ ಮಾತ್ರ ಓಡುತ್ತಿರಬೇಕು. ಹಳೇ ಕಾರ್ಡ್ ಮಿಷನ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ. ರೌಟರ್ ಸೆಟ್ಟಿಂಗ್‌ಗೆ ಹೋಗಿ 2.4 ಆನ್ ಮಾಡಿ, ಅದಕ್ಕೆ ಬೇರೆ ಹೆಸರು ಕೊಡಿ. ಆಮೇಲೆ ಭದ್ರತೆ ಅಂತ ಇರುವ ಕಡೆ ಡಬ್ಲ್ಯೂಪಿಎ3 ಮಾತ್ರ ಇದ್ದರೆ ಡಬ್ಲ್ಯೂಪಿಎ2ಗೆ ಬದಲಿಸಿ. 3 ಬಂದದ್ದು 2018ರಲ್ಲಿ, ಅದಕ್ಕಿಂತ ಹಿಂದಿನ ಮಿಷನ್ ಅದನ್ನು ಕಂಡೇ ಇಲ್ಲ. ಇಷ್ಟಾದರೂ ಕಾಣದಿದ್ದರೆ ಚಾನೆಲ್ ನೋಡಿ. ಆಟೋದಲ್ಲಿಟ್ಟರೆ ಕೆಲವು ರೌಟರ್ 12 ಅಥವಾ 13ಕ್ಕೆ ಹೋಗಿ ಕೂರುತ್ತವೆ, ಕೆಲವು ಮಿಷನ್ ಅಲ್ಲಿವರೆಗೆ ನೋಡುವುದೇ ಇಲ್ಲ. 1, 6, 11ರಲ್ಲಿ ಯಾವುದಾದರೂ ಒಂದಕ್ಕೆ ಇಡಿ.

ಪುಸ್ತಕದಂಗಡಿ: ಬಂತು ಸರ್!! 2.4 ಆಫ್ ಆಗಿತ್ತು. ತುಂಬಾ ಥ್ಯಾಂಕ್ಸ್.

ಸೈಕಲ್ ಶಾಪ್: ಸರ್ ನಮ್ಮದೂ ಫೋನ್‌ಗೆ ಬರುತ್ತದೆ, ಮಿಷನ್‌ಗೆ ಕಾಣುವುದಿಲ್ಲ.

ಮಿಷನ್ ರಿಪೇರಿ: ಮೇಲಿನದೇ.

ಔಷಧಿ ಅಂಗಡಿ: ಮೇಷ್ಟ್ರೇ, ಹೆಸರು ಕಾಣುತ್ತದೆ, ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ನಾನು, ನನ್ನ ತಮ್ಮ, ಕೆಲಸದ ಹುಡುಗ ಮೂವರೂ ಹೊಡೆದು ನೋಡಿದೆವು. ಪಾಸ್‌ವರ್ಡ್‌ನಲ್ಲಿ ದೊಡ್ಡಕ್ಷರ ಇದೆ, ಮಧ್ಯೆ ಅಟ್ ಗುರುತು ಇದೆ, ಕೊನೆಗೆ ಒಂದು ಡಾಲರ್ ಗುರುತು.

ಮಿಷನ್ ರಿಪೇರಿ: ಹತ್ತರಲ್ಲಿ ಎಂಟು ಕೇಸ್ ಇದೇ. ಹಳೇ ಬಟನ್ ಮೊಬೈಲ್‌ನಲ್ಲಿ ಮೆಸೇಜ್ ಹೊಡೆದದ್ದು ನೆನಪಿದೆಯಾ? ಒಂದೇ ಗುಂಡಿ ಒತ್ತುತ್ತಾ ಹೋದರೆ ಅಂಕಿ ಬಂದು, ಅಕ್ಷರ ಬಂದು, ಮತ್ತೆ ಅಂಕಿಗೆ ವಾಪಸ್. ಅವಸರದಲ್ಲಿ ಒತ್ತಿದರೆ ಒಂದು ಅಕ್ಷರ ಮುಂದೆ ಹೋಗಿರುತ್ತದೆ. ಮೇಲೆ ನಕ್ಷತ್ರ ಬಿದ್ದುಬಿಡುವುದರಿಂದ ಗೊತ್ತೂ ಆಗುವುದಿಲ್ಲ. ಗುರುತುಗಳು ಯಾವ ಗುಂಡಿಯಲ್ಲಿವೆ ಅನ್ನುವುದು ಒಂದೊಂದು ಮಾಡೆಲ್‌ಗೆ ಒಂದೊಂದು ಥರ. ಗುದ್ದಾಡಬೇಡಿ. ರೌಟರ್‌ನಲ್ಲಿ ಮಿಷನ್‌ಗೆ ಅಂತಲೇ ಬೇರೆ ನೆಟ್‌ವರ್ಕ್ ಮಾಡಿ, ಪಾಸ್‌ವರ್ಡ್ ಬರೀ ಚಿಕ್ಕಕ್ಷರ ಮತ್ತು ಅಂಕಿ ಇರಲಿ, ಆದರೆ ಉದ್ದ ಇರಲಿ. 8ರಿಂದ 63 ಅಕ್ಷರದವರೆಗೆ ಇಡಬಹುದು, 16 ಇಟ್ಟರೆ ಸಾಕು. ಗಿರಾಕಿಗಳಿಗೆ ಕೊಡುವ ವೈಫೈ ಬೇರೆ, ಇದು ಬೇರೆ.

ನೆಟ್‌ವರ್ಕ್ ಹುಡುಗ: ಇಷ್ಟೆಲ್ಲಾ ಯಾಕೆ, ಪಾಸ್‌ವರ್ಡ್ ತೆಗೆದು ಓಪನ್ ಬಿಟ್ಟರೆ ಆಯ್ತಲ್ಲ. ಕಾರ್ಡ್ ಡೇಟಾ ಹೇಗೂ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತದೆ.

ಮಿಷನ್ ರಿಪೇರಿ: ಬೇಡ. ಬಾಗಿಲಿಗೆ ಬೀಗ ಇದೆ ಅಂತ ಗೇಟ್ ಕಿತ್ತುಹಾಕುವವರಿಲ್ಲ.

ಕೇಬಲ್ ಅಣ್ಣ: ನಾನು ಮೊದಲಿಂದ ಹೇಳುತ್ತಿರುವುದು ಇದನ್ನೇ. ಕಾರ್ಡ್ ಮಿಷನ್‌ಗೆ ವೈಫೈನೇ ಡೇಂಜರ್. 2017ರಲ್ಲಿ ಡಬ್ಲ್ಯೂಪಿಎ2ನೇ ಒಡೆದರು, ಕ್ರ್ಯಾಕ್ ಅಂತ ಹೆಸರು, ಹುಡುಕಿ ನೋಡಿ. ಗಾಳಿಯಲ್ಲಿ ಹೋಗುವ ಪಿನ್ ಯಾರು ಬೇಕಾದರೂ ಹಿಡಿಯಬಹುದು. ಕೇಬಲ್ ಎಳೆಸಿ, ನೆಮ್ಮದಿಯಾಗಿರಿ.

ನೆಟ್‌ವರ್ಕ್ ಹುಡುಗ: ಅಣ್ಣಾ, ಪಿನ್ ಗಾಳಿಯಲ್ಲಿ ಹಾಗೇ ಹೋಗುವುದಿಲ್ಲ. ಗುಂಡಿ ಒತ್ತಿದ ಕೂಡಲೇ ಮಿಷನ್ ಒಳಗೇ ಗೂಢಲಿಪಿ ಆಗುತ್ತದೆ, ಅದರ ಮೇಲೆ ಟಿಎಲ್‌ಎಸ್ ಇನ್ನೊಂದು ಹೊದಿಕೆ. ಕ್ರ್ಯಾಕ್‌ಗೆ ಆಗಲೇ ಪ್ಯಾಚ್ ಬಂತು. ನೀವು ಹೇಳುತ್ತಿರುವುದು ವೆಪ್ ಅನ್ನುವ ಹಳೇ ವೈಫೈ ಭದ್ರತೆ ಕಾಲದ ಕಥೆ. ಅದನ್ನು ಕಾರ್ಡ್ ನಿಯಮದವರೇ 2010 ಜೂನ್ 30ಕ್ಕೆ ಬಂದ್ ಮಾಡಿದ್ದಾರೆ.

ಕೇಬಲ್ ಅಣ್ಣ: ಈಗ ತಾನೇ ಪಾಸ್‌ವರ್ಡ್ ತೆಗೆಯಿರಿ ಅಂದವರು ನನಗೆ ಭದ್ರತೆ ಪಾಠ ಮಾಡುತ್ತಿದ್ದಾರೆ 🙏

ಲಾಡ್ಜ್ ಕೌಂಟರ್: ನಮ್ಮ ಕಟ್ಟಡದ ವೈಫೈಗೆ ಸೇರಿಸಿದೆ ಸರ್. ಕನೆಕ್ಟೆಡ್ ಅನ್ನುತ್ತದೆ, ಆದರೆ ಕಾರ್ಡ್ ಹಾಕಿದರೆ "ಹೋಸ್ಟ್ ಸಿಗಲಿಲ್ಲ" ಬರುತ್ತದೆ. ಫೋನ್‌ನಲ್ಲಿ ಅದೇ ವೈಫೈ ಹಾಕಿದರೆ ಮೊದಲು ಒಂದು ಪುಟ ತೆರೆದು ರೂಮ್ ನಂಬರ್ ಕೇಳುತ್ತದೆ.

ಮಿಷನ್ ರಿಪೇರಿ: ಆ ಪುಟವೇ ಸಮಸ್ಯೆ. ಕಾರ್ಡ್ ಮಿಷನ್‌ಗೆ ಪುಟ ತೆರೆದು ರೂಮ್ ನಂಬರ್ ತುಂಬಲು ಬರುವುದಿಲ್ಲ, ಹೊಸಿಲಲ್ಲೇ ನಿಂತಿರುತ್ತದೆ. ವೈಫೈ ನೋಡಿಕೊಳ್ಳುವವರಿಗೆ ಹೇಳಿ, ಮಿಷನ್‌ನ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ಗುರುತಿನ ನಂಬರ್, ಕೊಟ್ಟು ಆ ಪುಟ ಇಲ್ಲದೆ ಒಳಗೆ ಬಿಡಿಸಿ. ಅದಕ್ಕೂ ಮೊದಲು ಮಿಷನ್‌ನಲ್ಲಿ ತಾರೀಖು, ಗಂಟೆ ಸರಿಯಿದೆಯಾ ನೋಡಿ. ಬ್ಯಾಟರಿ ಪೂರ್ತಿ ಸತ್ತು ಎದ್ದ ಮಿಷನ್ ಹಳೇ ವರ್ಷದಲ್ಲಿ ಕೂತಿದ್ದರೆ ಸರ್ವರ್‌ನ ಸರ್ಟಿಫಿಕೇಟ್ ಒಪ್ಪುವುದಿಲ್ಲ, ಆಗಲೂ ಇದೇ ಮೆಸೇಜ್.

ಶುಭೋದಯ ಬಳಗ: *ಎಲ್ಲರಿಗೂ ಹಂಚಿ* ಕಾರ್ಡ್ ಮಿಷನ್ ವೈಫೈ ಸಮಸ್ಯೆಗೆ 5 ನಿಮಿಷದ ಪರಿಹಾರ!! ಹಿಂದಿನ ಸ್ಕ್ರೂ ಬಿಚ್ಚಿ, ಒಳಗಿನ ಗುಂಡು ಬ್ಯಾಟರಿ ತೆಗೆದು 10 ನಿಮಿಷ ಬಿಟ್ಟು ಮತ್ತೆ ಹಾಕಿ. ರೌಟರ್ ಹಿಂದೆ ಅಲ್ಯೂಮಿನಿಯಂ ಹಾಳೆ ಇಡಿ. ಕಂಪನಿಯವರು ಇದನ್ನು ಹೇಳುವುದಿಲ್ಲ!!

ಮಿಷನ್ ರಿಪೇರಿ: ಇದನ್ನು ಯಾರೂ ಮಾಡಬೇಡಿ. ಕಂಪನಿಯವರು ಯಾಕೆ ಹೇಳುವುದಿಲ್ಲ ಅಂದರೆ ಮಾಡಿದ ಕೂಡಲೇ ಮಿಷನ್ ಸಾಯುತ್ತದೆ. ಆ ಗುಂಡು ಬ್ಯಾಟರಿ ಇರುವುದೇ ಒಳಗಿನ ರಹಸ್ಯ ಕೀಲಿಗಳನ್ನು ಕಾಯಲು. ಕವಚ ಬಿಚ್ಚಿದರೆ ಒಳಗಿನ ಸಣ್ಣ ಸ್ವಿಚ್‌ಗಳಿಗೆ ಗೊತ್ತಾಗುತ್ತದೆ, ಕಳ್ಳ ಕೈಹಾಕಿದ ಅಂದುಕೊಂಡು ಮಿಷನ್ ಕೀಲಿಗಳನ್ನೆಲ್ಲ ಅಳಿಸಿಹಾಕುತ್ತದೆ. ಪರದೆ ಮೇಲೆ "ಟ್ಯಾಂಪರ್" ಅಂತ ಬರುತ್ತದೆ, ಅಷ್ಟೇ. ಆಮೇಲೆ ನಾನು ಬಂದರೂ ಏನೂ ಮಾಡಲಾಗುವುದಿಲ್ಲ, ಕಂಪನಿಗೇ ವಾಪಸ್. ಕಳೆದ ತಿಂಗಳು ಇಂಥ ಎರಡು ಮಿಷನ್ ನನ್ನ ಮೇಜಿಗೆ ಬಂದವು, ಎರಡರಲ್ಲೂ ಸ್ಕ್ರೂ ತಲೆ ಸವೆದಿತ್ತು. ಇಬ್ಬರೂ "ನಾವು ಮುಟ್ಟೇ ಇಲ್ಲ" ಅಂದರು.

ಶುಭೋದಯ ಬಳಗ: ನನಗೆ ಬಂದದ್ದು ಹಾಕಿದೆ ಅಷ್ಟೇ. ಒಳ್ಳೆಯದಾಗಲಿ ಅಂತ.

ಮಿಷನ್ ರಿಪೇರಿ: ಅದೇ ಸಮಸ್ಯೆ.

ಆಟಿಕೆ ಅಂಗಡಿ: ಬಿಲ್ಲಿಂಗ್ ಕಂಪ್ಯೂಟರ್‌ಗೆ ಜೋಡಿಸಿದ ಮಿಷನ್. ರೌಟರ್ ಬದಲಿಸಿದ ಮೇಲೆ ಮಿಷನ್‌ನಲ್ಲಿ ವೈಫೈ ಇದೆ, ಕಂಪ್ಯೂಟರ್‌ನಿಂದ ಮೊತ್ತ ಹೋಗುತ್ತಿಲ್ಲ. ಯಾಕೆ?

ಹೊಲಿಗೆ ಅಂಗಡಿ: ಸರ್, ನನ್ನದು ಚಿಕ್ಕ ಪ್ರಶ್ನೆ. ವೈಫೈ ಈಗ ಚೆನ್ನಾಗಿದೆ. ನಿನ್ನೆ ಮಧ್ಯಾಹ್ನ ಕಂಪನಿಯಿಂದ ಒಬ್ಬರು ಬಂದು ಅಪ್‌ಡೇಟ್ ಮಾಡಿಕೊಟ್ಟರು, ಹೊರಗೆ ಸಿಗ್ನಲ್ ನೋಡಬೇಕು ಅಂತ ಗಾಡಿ ಹತ್ತಿರ ತಗೊಂಡು ಹೋಗಿ ಐದು ನಿಮಿಷದಲ್ಲಿ ತಂದುಕೊಟ್ಟರು. ಅವತ್ತಿಂದ ಮಿಷನ್ ಚಾರ್ಜಿಂಗ್ ಸ್ಟ್ಯಾಂಡ್‌ನಲ್ಲಿ ಸರಿಯಾಗಿ ಕೂರುತ್ತಿಲ್ಲ. ಒಂದು ಕಡೆ ವಾಲುತ್ತದೆ, ದೀಪ ಹತ್ತುವುದಿಲ್ಲ. ಸ್ಟ್ಯಾಂಡ್ ಬೇರೆ ತರಬೇಕಾ?

ನೆಟ್‌ವರ್ಕ್ ಹುಡುಗ: ಪಿನ್ನಿಗೆ ಧೂಳು ಹಿಡಿದಿರುತ್ತದೆ ಅಕ್ಕಾ, ಒಣಬಟ್ಟೆಯಲ್ಲಿ ಒರೆಸಿ.

ಮಿಷನ್ ರಿಪೇರಿ: ಒರೆಸಬೇಡಿ. ಅಕ್ಕಾ, ಆ ಮಿಷನ್‌ನಲ್ಲಿ ಇನ್ನೊಂದು ಕಾರ್ಡೂ ಹಾಕಬೇಡಿ. ಇದನ್ನು ಪೂರ್ತಿ ಓದಿ, ಆಮೇಲೆ ಗಾಬರಿಯಾಗಿ.

ವೈಫೈ ಸರಿಮಾಡಲು ಮಿಷನ್ ಹೊರಗೆ ತಗೊಂಡು ಹೋಗುವ ಅಗತ್ಯವೇ ಇಲ್ಲ. ವೈಫೈ ಇರುವುದು ನಿಮ್ಮ ಅಂಗಡಿ ಒಳಗೆ, ಹೊರಗೆ ಹೋದರೆ ಸಿಗ್ನಲ್ ಕಡಿಮೆಯೇ ಆಗುತ್ತದೆ ಅಲ್ವಾ? ಮತ್ತೆ, ನಿನ್ನೆವರೆಗೆ ಸ್ಟ್ಯಾಂಡ್‌ನಲ್ಲಿ ಸರಿಯಾಗಿ ಕೂತ ಮಿಷನ್ ಇವತ್ತು ವಾಲುತ್ತದೆ ಅಂದರೆ ಸ್ಟ್ಯಾಂಡ್ ಬದಲಾಗಿಲ್ಲ. ಮಿಷನ್ ಬದಲಾಗಿರಬೇಕು. ನೋಡಲು ಅದೇ ಥರ ಇರುವ ಬೇರೆ ಮಾಡೆಲ್.

ಈಗ ಮೂರು ಕೆಲಸ. ಒಂದು, ನಿನ್ನೆ ಬೆಳಗಿನ ಚೀಟಿ ಒಂದು, ಇವತ್ತಿನ ಚೀಟಿ ಒಂದು ಪಕ್ಕಪಕ್ಕ ಇಡಿ. ಮೇಲಿನ ಅಂಗಡಿ ಹೆಸರು ನೋಡಿ, ಟಿಐಡಿ, ಎಂಐಡಿ ಅಂತ ಎರಡು ನಂಬರ್ ಇರುತ್ತದೆ ನೋಡಿ. ಟಿಐಡಿ ಮಿಷನ್‌ದು, ನಿಜವಾಗಿ ಮಿಷನ್ ಬದಲಿಸಿಕೊಟ್ಟಿದ್ದರೂ ಅದು ಬದಲಾಗಬಹುದು. ಎಂಐಡಿ ನಿಮ್ಮ ಅಂಗಡಿಯದು, ಅದು ಸುಮ್ನೆ ಬದಲಾಗುವುದಿಲ್ಲ. ಎಂಐಡಿ ಬೇರೆ ಇದ್ದರೆ ನಿನ್ನೆಯಿಂದ ನಿಮ್ಮ ಗಿರಾಕಿಗಳು ಕೊಟ್ಟ ದುಡ್ಡು ಬೇರೆ ಯಾರದೋ ಖಾತೆಗೆ ಹೋಗುತ್ತಿದೆ. ಎರಡು, ಮಿಷನ್ ತಿರುಗಿಸಿ ಸೀರಿಯಲ್ ನಂಬರ್ ನೋಡಿ, ನಿಮಗೆ ಮಿಷನ್ ಕೊಟ್ಟಾಗ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಇರುವುದಕ್ಕೆ ಹೋಲಿಸಿ. ಮೂರು, ಅದೇ ಕಾಗದದಲ್ಲಿರುವ ನಂಬರ್‌ಗೆ ಫೋನ್ ಮಾಡಿ ನಿನ್ನೆ ಯಾರನ್ನಾದರೂ ಕಳಿಸಿದ್ದಿರಾ ಕೇಳಿ. ಆತ ಏನಾದರೂ ಸ್ಟಿಕ್ಕರ್ ಅಂಟಿಸಿ ಹೋಗಿದ್ದರೆ ಅದರ ಮೇಲಿನ ನಂಬರ್‌ಗೆ ಮಾಡಬೇಡಿ. ಆ ಕಡೆಯಿಂದ ಆತನೇ ಫೋನ್ ಎತ್ತಿ "ಹೌದು ಮೇಡಂ, ನಾವೇ ಕಳಿಸಿದ್ದು" ಅನ್ನುತ್ತಾನೆ.

ಕೇಬಲ್ ಅಣ್ಣ: ನೋಡಿದಿರಾ, ವೈಫೈ ಅಂದರೆ ಇದೇ ಆಗುವುದು.

ನೆಟ್‌ವರ್ಕ್ ಹುಡುಗ: ಇದಕ್ಕೂ ವೈಫೈಗೂ ಏನು ಸಂಬಂಧ? ಕೇಬಲ್ ಮಿಷನ್ ಕೈಗೆ ಕೊಟ್ಟಿದ್ದರೂ ಬದಲಿಸುತ್ತಿದ್ದ.

ಕೇಬಲ್ ಅಣ್ಣ: ಕೇಬಲ್ ಇದ್ದಿದ್ದರೆ ಗಾಡಿವರೆಗೆ ಹೇಗೆ ಒಯ್ಯುತ್ತಿದ್ದ ಸ್ವಾಮಿ?

ನೆಟ್‌ವರ್ಕ್ ಹುಡುಗ: ಕೀಳಲು ಬರುವುದಿಲ್ಲವಾ? ನೀವು ಪ್ರತಿ ಚರ್ಚೆಯಲ್ಲೂ ಕೇಬಲ್ ಮಾರಲು ಬರುತ್ತೀರಿ.

ಕೇಬಲ್ ಅಣ್ಣ: ನಾಲಿಗೆ ಹಿಡಿದು ಮಾತಾಡು ತಮ್ಮಾ. ನೀನು ಹುಟ್ಟುವ ಮೊದಲಿಂದ ವೈರಿಂಗ್ ಮಾಡುತ್ತಿದ್ದೇನೆ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಸೈಕಲ್ ಶಾಪ್: ಸರ್ ಮೇಲಿನದೇ ಅಂದರೆ ಯಾವುದು? ಮೇಲೆ ತುಂಬಾ ಇದೆ.

ಹೊಲಿಗೆ ಅಂಗಡಿ: ಸರ್ ಚೀಟಿ ನೋಡಿದೆ. ಹಳೇದರಲ್ಲಿ ನನ್ನ ಅಂಗಡಿ ಹೆಸರು ಪೂರ್ತಿ ಇದೆ. ಹೊಸದರಲ್ಲಿ ಬೇರೆ ಏನೋ ಮೂರಕ್ಷರ ಇದೆ. ಶಾಯಿ ಸರಿಯಾಗಿ ಬೀಳುತ್ತಿಲ್ಲ ಅಂತ ನಿನ್ನೆ ಬಿಟ್ಟಿದ್ದೆ. ಎಂಐಡಿ ಮೊದಲ ಎರಡು ಅಂಕಿ ಬಿಟ್ಟು ಎಲ್ಲ ಬೇರೆ. ಕೈ ನಡುಗುತ್ತಿದೆ. ಇನ್ನೊಂದು, ವೈಫೈ ಪಾಸ್‌ವರ್ಡ್ ಬರೆದು ಮಿಷನ್ ಹಿಂದೆ ಅಂಟಿಸಿದ್ದೆ. ಆ ಚೀಟಿನೂ ಇಲ್ಲ.

ಮಿಷನ್ ರಿಪೇರಿ: ಅಂದರೆ ನಿಮ್ಮ ಮಿಷನ್ ಹೋಗಿದೆ, ಜೊತೆಗೆ ಪಾಸ್‌ವರ್ಡೂ ಹೋಗಿದೆ. ಮೊದಲು ಫೋನ್ ಮಾಡಿ, ಹಳೇ ಮಿಷನ್‌ನ ಟಿಐಡಿ ಬಂದ್ ಮಾಡಿಸಿ. ಇಲ್ಲದಿದ್ದರೆ ಅದರಲ್ಲಿ ನಿಮ್ಮ ಹೆಸರಲ್ಲೇ ರೀಫಂಡ್ ಹೊಡೆಯಲು ನೋಡುತ್ತಾರೆ. ಆಮೇಲೆ ರೌಟರ್ ಪಾಸ್‌ವರ್ಡ್ ಬದಲಿಸಿ. ಆತ ಬಿಲ್ಲಿಂಗ್ ಕಂಪ್ಯೂಟರ್‌ನಲ್ಲೋ ನಿಮ್ಮ ಫೋನ್‌ನಲ್ಲೋ ಏನಾದರೂ ಆ್ಯಪ್ ಹಾಕಿಸಿದ್ದನಾ?

ಹೊಲಿಗೆ ಅಂಗಡಿ: ಇಲ್ಲ ಸರ್. ಫೋನ್ ಕೇಳಿದ, ಚಾರ್ಜ್ ಇಲ್ಲ ಅಂದೆ. ನಿಜವಾಗಲೂ ಇರಲಿಲ್ಲ.

ಮಿಷನ್ ರಿಪೇರಿ: ಅದೊಂದು ಒಳ್ಳೆಯದಾಯಿತು.

ಹೂವಿನ ಅಂಗಡಿ: ಸರ್ ಐಪಿ 169.254 ಅಂತ ಶುರುವಾಗುತ್ತದೆ, ನೆಟ್ ಇಲ್ಲ.

ಮಿಷನ್ ರಿಪೇರಿ: ರೌಟರ್ ನಿಮ್ಮ ಮಿಷನ್‌ಗೆ ಐಪಿ ವಿಳಾಸ ಕೊಟ್ಟಿಲ್ಲ ಅಂತ ಅರ್ಥ. ರೌಟರ್ ಆಫ್ ಮಾಡಿ ಆನ್ ಮಾಡಿ, ಆಮೇಲೆ ಮಿಷನ್.

ಶುಭೋದಯ ಬಳಗ: ಕಂಪನಿಯವರೇ ಬಂದರು ಅಂತ ಕೊಟ್ಟರೆ ಅವರದೇನು ತಪ್ಪು ಪಾಪ. ಐಡಿ ಕಾರ್ಡ್ ನೋಡಬೇಕಿತ್ತು.

ಹೊಲಿಗೆ ಅಂಗಡಿ: ಕೊರಳಲ್ಲಿ ಐಡಿ ಕಾರ್ಡ್ ಇತ್ತು.

ಮಿಷನ್ ರಿಪೇರಿ: ಐಡಿ ಕಾರ್ಡ್ ಪ್ರಿಂಟ್ ಹಾಕಿಸಲು ಎಷ್ಟು ಹೊತ್ತು ಬೇಕು? ನಾನು ಬಂದರೂ ಮೊದಲು ಕಂಪನಿಗೆ ಫೋನ್ ಮಾಡಿ ಕೇಳಿ, ನನಗೇನೂ ಬೇಜಾರಿಲ್ಲ, ಹೊರಗೆ ನಿಂತಿರುತ್ತೇನೆ. ಮತ್ತೆ ಮಿಷನ್ ನಿಮ್ಮ ಕಣ್ಣ ಮುಂದಿಂದ ಹೋಗಬಾರದು.

ಕ್ಷೌರದಂಗಡಿ: ಸರ್ ಕಾರ್ಡ್ ಹಾಕಿ ನೆಟ್ ಹೋಯಿತು, ಗಿರಾಕಿಗೆ ದುಡ್ಡು ಕಟ್ ಆಗಿದೆ ಅಂತ ಮೆಸೇಜ್, ನಮಗೆ ಚೀಟಿ ಬಂದಿಲ್ಲ. ಮತ್ತೆ ಹೊಡೆಯಲಾ?

ಮಿಷನ್ ರಿಪೇರಿ: ತಕ್ಷಣ ಹೊಡೆಯಬೇಡಿ. ನೆಟ್ ಬಂದ ಮೇಲೆ ಮೆನುವಿನಲ್ಲಿ ಕೊನೆಯ ವ್ಯವಹಾರದ ನಕಲು ಚೀಟಿ ತೆಗೆಯಿರಿ. ಅದರಲ್ಲಿ ಇಲ್ಲದಿದ್ದರೆ ಮಿಷನ್ ತಾನೇ ರದ್ದು ಕಳಿಸುತ್ತದೆ, ಗಿರಾಕಿಗೆ ವಾಪಸ್ ಹೋಗುತ್ತದೆ.

ಕ್ಷೌರದಂಗಡಿ: ಆಗಲೇ ಎರಡು ಸಲ ಹೊಡೆದೆ.

ಮಿಷನ್ ರಿಪೇರಿ: ಮತ್ತೆ ಕೇಳಿದ್ದು ಯಾಕೆ?

ಆಟಿಕೆ ಅಂಗಡಿ: ನನ್ನ ಪ್ರಶ್ನೆ ಯಾರೂ ನೋಡಿಲ್ಲ ಅನಿಸುತ್ತದೆ.

ಪುಸ್ತಕದಂಗಡಿ: ಹೊಸ ರೌಟರ್‌ನಲ್ಲಿ ಮಿಷನ್‌ನ ಐಪಿ ಬದಲಾಗಿರುತ್ತದೆ, ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹಳೇದೇ ಇರುತ್ತದೆ. ನಮ್ಮದು ಹಾಗೇ ಆಗಿತ್ತು. ಮೇಷ್ಟ್ರು ಹೇಳಲಿ.

ಹೊಲಿಗೆ ಅಂಗಡಿ: ಫೋನ್ ಮಾಡಿದೆ. ನಾವು ಯಾರನ್ನೂ ಕಳಿಸಿಲ್ಲ ಅಂದರು. ಹಳೇದು ಬಂದ್ ಮಾಡಿದ್ದಾರೆ. ಪೊಲೀಸರಿಗೆ ದೂರು ಕೊಟ್ಟು ನಕಲು ಕಳಿಸಿ ಅಂದಿದ್ದಾರೆ. ನಿನ್ನೆಯಿಂದ ಹದಿನಾಲ್ಕು ಕಾರ್ಡ್ ಹಾಕಿದ್ದೇನೆ ಸರ್, ಎಲ್ಲ ಗೊತ್ತಿರುವವರೇ.

ಮಿಷನ್ ರಿಪೇರಿ: ಹದಿನಾಲ್ಕು ಚೀಟಿಯೂ ಎತ್ತಿಡಿ, ಒಂದೂ ಬಿಸಾಡಬೇಡಿ. ಆ ಹದಿನಾಲ್ಕು ಜನಕ್ಕೂ ಇವತ್ತೇ ಹೇಳಿ, ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತಗೊಳ್ಳಲಿ. ಮುಜುಗರ ಆಗುತ್ತದೆ, ಆದರೂ ಹೇಳಿ. ಮಿಷನ್ ಆಫ್ ಮಾಡಿ ಕವರ್‌ಗೆ ಹಾಕಿ, ಒರೆಸಬೇಡಿ, ಬಿಚ್ಚಬೇಡಿ, ಯಾರು ಕೇಳಿದರೂ ಕೊಡಬೇಡಿ, ಪೊಲೀಸರಿಗೆ ಮಾತ್ರ. ಆತ "ಸ್ಟ್ಯಾಂಡ್ ಬದಲಿಸಿಕೊಡುತ್ತೇನೆ" ಅಂತ ಮತ್ತೆ ಬಂದರೂ ಬರಬಹುದು. ಒಬ್ಬರೇ ಇರಬೇಡಿ.

ನೆಟ್‌ವರ್ಕ್ ಹುಡುಗ: ಅಕ್ಕಾ ಧೂಳು ಅಂದದ್ದಕ್ಕೆ ಕ್ಷಮಿಸಿ.

ಸೈಕಲ್ ಶಾಪ್: ಸರ್, ಫೋನ್‌ಗೆ ಬರುತ್ತದೆ, ಮಿಷನ್‌ಗೆ ಕಾಣುವುದಿಲ್ಲ.

ಮಿಷನ್ ರಿಪೇರಿ: ಪುಸ್ತಕದಂಗಡಿಯವರಿಗೆ ಬರೆದದ್ದು ಓದಿ. ನಾನು ಹೊರಟೆ, ಅಕ್ಕನ ಅಂಗಡಿ ಹತ್ತಿರ ಇರುವವರು ಯಾರಾದರೂ ಸ್ವಲ್ಪ ಹೊತ್ತು ಹೋಗಿ ಕೂತಿರಿ.

ಪುಸ್ತಕದಂಗಡಿ: ನಾನು ಹೋಗುತ್ತಿದ್ದೇನೆ.