ಜಿಪಿಎಸ್ ಜೋಡಿಸಿದ ಮೇಲೂ ಗಡಿಯಾರ ಅರ್ಧ ಸೆಕೆಂಡ್ ಹಿಂದೆ!

ಸಾಗರದಲೆ:
ತಲೆ ಕೆಟ್ಟುಹೋಗಿದೆ. ಇಲ್ಲಿ ಸಮಯ ಹೊಂದಿಸಲು ಇಂಟರ್ನೆಟ್ ನೆಚ್ಚುವಂತಿಲ್ಲವೆಂದು ಎಫ್‌ಟಿ8ಗಾಗಿಯೇ (ಹ್ಯಾಮ್ ರೇಡಿಯೋದಲ್ಲಿ 15 ಸೆಕೆಂಡಿನ ಸುತ್ತುಗಳಲ್ಲಿ ಕಿರುಸಂದೇಶ ಕಳಿಸುವ ಡಿಜಿಟಲ್ ವಿಧಾನ) ಜಿಪಿಎಸ್ ತಂದೆ. ಉಪಗ್ರಹಗಳು ಸಿಕ್ಕಿವೆ, ಗಡಿಯಾರ ಹೊಂದಿಸುವ ತಂತ್ರಾಂಶ ಕ್ರೋನಿಯೂ ಎಲ್ಲ ಸರಿಯಿದೆ ಎನ್ನುತ್ತದೆ. ಆದರೆ ಕೇಳಿಬರುವ ಪ್ರತಿಯೊಂದು ಕೇಂದ್ರದ ಡಿಟಿಯೂ (ಸಂದೇಶ ಬಂದ ಹೊತ್ತು ನನ್ನ ಗಡಿಯಾರದ ಪ್ರಕಾರ ಎಷ್ಟು ಸೆಕೆಂಡ್ ಆಚೀಚೆ ಎಂಬ ಲೆಕ್ಕ) ಮೈನಸ್ 0.5ರ ಆಸುಪಾಸು. ಜಗತ್ತೆಲ್ಲ ತಪ್ಪು, ನಾನೊಬ್ಬನೇ ಸರಿಯೇ? ಸೆಟ್ಟಿಂಗ್‌ಗಳನ್ನೆಲ್ಲ ನೋಡಿಯಾಗಿದೆ.

ಹಳೆ ಆಂಟೆನಾ:
ಲೀಪ್ ಸೆಕೆಂಡ್, ಅಂದರೆ ಯುಟಿಸಿಗೆ (ಜಾಗತಿಕ ಪ್ರಮಾಣಿತ ಸಮಯ) ಆಗಾಗ ಸೇರಿಸುವ ಸೆಕೆಂಡ್. ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಆ ಲೆಕ್ಕ ಉಪಗ್ರಹದಿಂದ ಇಳಿಯಲು ಹನ್ನೆರಡೂವರೆ ನಿಮಿಷದವರೆಗೂ ಹಿಡಿಯಬಹುದು. ರಾತ್ರಿಯಿಡೀ ಬಿಟ್ಟು ನೋಡಿ.

ಬೆಸುಗೆಗಾರ:
18 ಸೆಕೆಂಡ್ ತಪ್ಪಿದ್ದರೆ 15 ಸೆಕೆಂಡಿನ ಸುತ್ತಿನಲ್ಲಿ 3 ಸೆಕೆಂಡ್ ಆಚೀಚೆಯಾಗಿ ಸಂದೇಶ ಬಿಡಿಸುವುದೇ ಕಷ್ಟವಾಗುತ್ತಿತ್ತು. ಯಾವ ಬೋರ್ಡು? ಪಿಪಿಎಸ್ (ಸೆಕೆಂಡಿಗೊಂದು ಮಿಡಿತ) ತಂತಿ ಎಳೆದಿದ್ದೀರಾ?

ಸಾಗರದಲೆ:
ಮಾಮೂಲಿ ಬೋರ್ಡು ಸರ್, ಎಲ್ಲರೂ ಬಳಸುವುದೇ.

ಹಳೆ ಆಂಟೆನಾ:
ಹಾಗಾದರೆ ಜಿಪಿಎಸ್ ಇಟ್ಟುಕೊಳ್ಳುವ ವಾರದ ಎಣಿಕೆ. 1024 ವಾರ ತುಂಬಿ 2019ರ ಏಪ್ರಿಲ್‌ನಲ್ಲಿ ಸೊನ್ನೆಗೆ ತಿರುಗಿತಲ್ಲ, ಹಳೆಯ ಫರ್ಮ್‌ವೇರ್ ಇರಬೇಕು.

ಬೆಸುಗೆಗಾರ:
ಅದಾಗಿದ್ದರೆ ದಿನಾಂಕವೇ ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಜಿಗಿಯುತ್ತಿತ್ತು. ಅರ್ಧ ಸೆಕೆಂಡ್ ಅಲ್ಲ.

ನಿಶಾಚರ:
ಆಂಟೆನಾ ಕೇಬಲ್ ಎಷ್ಟು ಉದ್ದ? ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತಡ. ನನ್ನ ಓವನ್ ಆಸಿಲೇಟರ್‌ಗೆ (ಒಂದೇ ಬಿಸಿಯಲ್ಲಿಟ್ಟು ನಿಖರವಾಗಿ ಮಿಡಿಸುವ ಸ್ಫಟಿಕ) ಅದನ್ನೂ ಕಳೆದಿದ್ದೇನೆ. ಈಗ ನಾವಿಕ್ (ನಮ್ಮ ದೇಶದ್ದೇ ಜಿಪಿಎಸ್) ರಿಸೀವರ್ ಕೂಡ ಸೇರಿಸಿದ್ದೇನೆ. ಇಸ್ರೋದ ಬ್ಯಾಲಾಳು ಕೇಂದ್ರದ ಸಮಯ ನಮ್ಮ ಮನೆಯಲ್ಲೇ!

ಬೆಸುಗೆಗಾರ:
ಅರ್ಧ ಸೆಕೆಂಡಿಗೆ ಎಷ್ಟು ಸಾವಿರ ಕಿಲೋಮೀಟರ್ ಕೇಬಲ್ ಬೇಕೆಂದು ತಾವೇ ಲೆಕ್ಕ ಹಾಕಿ ಸ್ವಾಮಿ.

ಸಾಗರದಲೆ:
ನಿಯೋ-6ಎಂ, ನೀಲಿ ಬೋರ್ಡು. ನಾಲ್ಕೇ ಪಿನ್. ಯುಎಸ್‌ಬಿ ಸೀರಿಯಲ್ ಪರಿವರ್ತಕದಿಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ, 9600 ಬಾಡ್ (ಸೆಕೆಂಡಿಗೆ 9600 ಬಿಟ್). ಇದರಲ್ಲಿ ಹೇಳುವಂಥದ್ದೇನಿದೆ?

ಬೆಸುಗೆಗಾರ:
ಎಲ್ಲವೂ ಇದರಲ್ಲೇ ಇದೆ! ನಿಮಗೆ ಬರುತ್ತಿರುವುದು ಬರೀ ಎನ್‌ಎಂಇಎ ಸಾಲುಗಳು, ಅಂದರೆ ಸಮಯ, ಸ್ಥಾನಗಳನ್ನು ಹೇಳುವ ಪಠ್ಯ. ಸೆಕೆಂಡ್ ಮಗುಚಿದ ಮೇಲೆ ರಿಸೀವರ್ ಲೆಕ್ಕ ಮುಗಿಸಿ, ಆಮೇಲೆ ಸಾಲು ಕಳಿಸುತ್ತದೆ. 9600ರಲ್ಲಿ ಸೆಕೆಂಡಿಗೆ 960 ಅಕ್ಷರ. ಉಪಗ್ರಹಗಳ ಪಟ್ಟಿ ಕೊಡುವ ಜಿಎಸ್‌ವಿ ಸಾಲು ಎಲ್ಲ ಸೇರಿ 450 ಅಕ್ಷರವಾದರೆ ಸಾಗಣೆಗೇ ಅರ್ಧ ಸೆಕೆಂಡ್ ಹತ್ತಿರವಾಯಿತು. ಕಣ್ಣಿಗೆ ಬೀಳುವ ಉಪಗ್ರಹಗಳು ಹೆಚ್ಚುಕಡಿಮೆಯಾದಂತೆ ಈ ತಡವೂ ಬದಲಾಗುತ್ತದೆ. ತಡವಾಗಿ ಬಂದ ಸಮಯವನ್ನೇ ನಂಬಿ ನಿಮ್ಮ ಗಡಿಯಾರ ಹಿಂದೆ ಬಿದ್ದಿದೆ. ಹಾಗಾಗಿಯೇ ಡಿಟಿ ಮೈನಸ್.

ಸದ್ಯಕ್ಕೆ ಕ್ರೋನಿಯ ಸೆಟ್ಟಿಂಗ್ ಕಡತದಲ್ಲಿ ಜಿಪಿಎಸ್ ಸಮಯ ಪಡೆಯುವ ಎಸ್‌ಎಚ್‌ಎಂ 0 ಸಾಲಿನಲ್ಲಿ ಆಫ್‌ಸೆಟ್ (ತಡ ಸರಿದೂಗಿಸುವ ಸೆಕೆಂಡ್) 0.5 ಎಂದು ಬರೆದು, ಡಿಟಿ ನೋಡುತ್ತ ಹೊಂದಿಸಿ. ಎಫ್‌ಟಿ8ಗೆ ಅಷ್ಟು ಸಾಕು. ಮೈಕ್ರೋಸೆಕೆಂಡ್ ಬೇಕೆಂದರೆ ಪಿಪಿಎಸ್ ಮಿಡಿತ ಬರುವ ಮಾಡ್ಯೂಲಿನ 3ನೇ ಕಾಲಿನಿಂದ ಸಣ್ಣ ತಂತಿ ಬೆಸೆದು ಪೈನ ಜಿಪಿಐಒ 18 ಪಿನ್ನಿಗೆ ಕೊಡಿ. ಎಲ್‌ಇಡಿ ಮಿನುಗುವುದೂ ಆ ಕಾಲಿನಿಂದಲೇ. ಜಿಪಿಎಸ್‌ಡಿಗೆ (ಜಿಪಿಎಸ್ ಓದಿ ಕ್ರೋನಿಗೆ ಕೊಡುವ ತಂತ್ರಾಂಶ) ಯಾರೂ ಕೇಳದಿದ್ದರೂ ಓದುತ್ತಲೇ ಇರುವಂತೆ ಮೈನಸ್ ಎನ್ ಆಯ್ಕೆ ಹಾಕುವುದನ್ನು ಮರೆಯಬೇಡಿ.

ಸಾಗರದಲೆ:
0.47 ಹಾಕಿದೆ, ಡಿಟಿ ಸೊನ್ನೆಯ ಬಳಿ ಓಲಾಡುತ್ತಿದೆ. ಬೆಸುಗೆ ಭಾನುವಾರ ನೋಡುತ್ತೇನೆ. ಆ ಕಾಲು ಸೂಜಿಮೊನೆಯಷ್ಟಿದೆ.

ಹಳೆ ಆಂಟೆನಾ:
ರಾತ್ರಿಯಿಡೀ ಬಿಟ್ಟು ನೋಡಿದಿರಾ?

ಹೊಸಬ:
ನನ್ನದೂ ಇದೇ ಬೋರ್ಡು, ಆದರೆ ವಿಂಡೋಸ್. ಅಲ್ಲಿ ಆಫ್‌ಸೆಟ್ ಎಲ್ಲಿ ಬರೆಯಬೇಕು?